ತೇಲುವುದರ ಬಗ್ಗೆ ಒಂದು ಭಾಷಣ

ಕುರಿ ತೊಳೆಯುವ ಹಿಂದಿನ ಸಂಜೆ ಅಣ್ಣ ಜಗಲಿಯಲ್ಲಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಚಿಕೂನ್‌ಗುನ್ಯಾ ಬಂದುಹೋದ ಮೇಲೆ ಕಾಲು ಮೊದಲಿನಂತೆ ಮಡಚುತ್ತಿರಲಿಲ್ಲ. ನಾನು ಸೊರಬದಿಂದ ಶಿಕಾರಿಪುರದ ಬಸ್ಸು ಹಿಡಿದು ಆಗಷ್ಟೇ ತವರಿಗೆ ಬಂದಿದ್ದೆ.

"ನಾಳೆ ಬುರುಡೆ ಕಟ್ಕಂಡು ನೀರಿಗಿಳಿ ಅಣ್ಣಾ" ಅಂದೆ.

ಬುರುಡೆ ಅಂದರೆ ಒಣಗಿಸಿದ ಸೋರೆಕಾಯಿ. ನಮ್ಮೂರಲ್ಲಿ ಈಜು ಕಲಿಯುವ ಮಕ್ಕಳ ಬೆನ್ನಿಗೆ ಕಟ್ಟುತ್ತಾರೆ. ಕಲಿತ ದಿನ ಎಲ್ಲರೆದುರು ಬಿಚ್ಚಿ ಮುಂದಿನ ಮಗುವಿಗೆ ದಾಟಿಸುತ್ತಾರೆ. ಆಮೇಲೆ ಅದನ್ನು ಮುಟ್ಟುವಂತಿಲ್ಲ. (ಮುಟ್ಟಿದರೆ ಜೀವಮಾನವಿಡೀ ಅಡ್ಡಹೆಸರು.)

"ಮೀಸೆ ಬಂದ ಗಂಡ್ಸು ಬುರುಡೆ ಕಟ್ಟಿದ್ರೆ ಕುರಿ ಸೈತ ನಗ್ತಾವ್ ತಂಗ್ಯವ್ವಾ!"

"ನಗ್ಲಿ ಬಿಡ್ರೀ, ಅವೇನ್ ನಿಮ್ಗೆ ಹೆಣ್ ಕೊಡ್ಬೇಕಾ?" ಒಳಗಿನಿಂದ ಅತ್ತಿಗೆ. ಮೂವರೂ ನಕ್ಕೆವು.

ಉಣ್ಣೆ ಕತ್ತರಿಸುವ ಮುಂಚೆ ಕುರಿಗಳ ಮೈ ತೊಳೆಯಬೇಕು. ಮರುದಿನ ಕೆರೆಯಲ್ಲಿ ಒಂದು ಕುರಿ ಆಳಕ್ಕೆ ಜಾರಿತು. ಅಣ್ಣ ಹಿಂದೆ ಹೋದ. ಕುರಿ ತಾನೇ ಈಜಿ ದಡ ಸೇರಿತು. ಅಣ್ಣ ಸೇರಲಿಲ್ಲ. ದಡದಲ್ಲಿದ್ದವರು ಎಸೆಯಲು ಏನಾದರೂ ಹುಡುಕಿದರು. ಸಿಕ್ಕಿದ್ದು ಒಂದು ಟವೆಲ್.

ಕೆಲವು ವಾರಗಳ ನಂತರ ಯಾವುದೋ ಸಂಘದವರು ಕೆರೆ ಏರಿಯ ಮೇಲೆ ಜಲ ಸುರಕ್ಷತಾ ಕಾರ್ಯಕ್ರಮ ಮಾಡಿದರು. ಶಾಮಿಯಾನ, ಮೈಕು, ಶಾಲು, ಹಾರ. ಮುಖ್ಯ ಅತಿಥಿಗಳು 'ಫ್ಲೋಟ್' ಎಂಬ ಪದದಿಂದ ಶುರು ಮಾಡಿದರು. ಅದು ಹಳೆಯ ಇಂಗ್ಲಿಷಿನ ಪದವಂತೆ. ಹರಿಯುವುದಕ್ಕೆ ಹೇಳುವ 'ಫ್ಲೋ' ಅದರ ನೆಂಟನಂತೆ. ಹಡಗುಗಳ ಪಡೆಗೆ ಹೇಳುವ 'ಫ್ಲೀಟ್' ಕೂಡ ಅದೇ ಮನೆತನವಂತೆ. ಎಷ್ಟು ದೊಡ್ಡ ಬಳಗ ನೋಡಿ! ಆ ಬಳಗದಲ್ಲಿ ಒಬ್ಬರಾದರೂ ಅವತ್ತು ನಮ್ಮ ಕೆರೆ ಕಡೆ ಬರಬಾರದಿತ್ತೇ?

ತೇಲುವುದೆಂದರೆ ಭಾರ ಕಳಕೊಳ್ಳುವುದು, ಬದುಕಿನಲ್ಲೂ ನಾವು ತೇಲಬೇಕು, ಎಂದರು. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಅತ್ತಿಗೆ ಕೂತಿದ್ದರು. ಅವರನ್ನು ಅಲ್ಲಿ ಕೂರಿಸಿದ್ದು ಫೋಟೋಕ್ಕೆ.

ಭಾಷಣ ಮುಗಿದಾಗ ಅತ್ತಿಗೆ ಎದ್ದು ನಿಂತರು. "ಸಾರ್, ಇಲ್ಲೊಂದು ಟ್ಯೂಬ್ ಇಡಿಸ್ತೀರೇನ್ರೀ?"

"ಇದು ಅವೇರ್‌ನೆಸ್ ಪ್ರೋಗ್ರಾಂ ಅಷ್ಟೇ ಅಮ್ಮಾ" ಅಂದರು ಸಂಘಟಕರು.

"ಅದನ್ನ ಹಿಡ್ಕಂಡ್ರೆ ತೇಲ್ತಾರೇನ್ರೀ?"

ಸಂಘಟಕರು ಹಿಂದಕ್ಕೆ ತಿರುಗಿ ಕೈಸನ್ನೆ ಮಾಡಿದರು. ಉಪ್ಪಿಟ್ಟು ಬಂತು.

ಮರುವಾರ ಅತ್ತಿಗೆಯೇ ಹಳೆಯ ಟ್ರ್ಯಾಕ್ಟರ್ ಟ್ಯೂಬಿಗೆ ಪಂಕ್ಚರ್ ಹಾಕಿಸಿ, ಗಾಳಿ ತುಂಬಿಸಿ, ಹಗ್ಗ ಕಟ್ಟಿದರು. ಕುರಿ ತೊಳೆಯುವ ಜಾಗದ ಹೊಂಗೆಮರಕ್ಕೆ ಮೊಳೆ ಹೊಡೆದು ತೂಗುಹಾಕಿದರು. ಕಥೆ ಇಲ್ಲಿಗೆ ಮುಗಿಯಬೇಕಿತ್ತು, ಅಲ್ಲವೇ?

ಮುಗಿಯಲು ನಮ್ಮೂರ ಗಂಡಸರು ಬಿಡಬೇಕಲ್ಲ. "ಏನವ್ವಾ, ಕೆರೆನ ಅಂಗನವಾಡಿ ಮಾಡಿಯಲ್ಲ" ಅಂದ ಒಬ್ಬ. "ಪಕ್ಕದೂರೋರು ನೋಡಿದ್ರೆ, ಇವ್ರಿಗೆ ಈಜು ಬರಲ್ಲ ಅಂತಾರೆ" ಅಂದ ಇನ್ನೊಬ್ಬ. ಅಣ್ಣನನ್ನು ನೀರಿನಿಂದ ಎತ್ತಿ ತಂದವರು ಇವರೇ. ಎತ್ತುವಾಗ ಅತ್ತವರೂ ಇವರೇ. ಅಳುವುದಕ್ಕೆ ನಾಚಿಕೆಯಿಲ್ಲ, ಟ್ಯೂಬಿಗೆ ನಾಚಿಕೆ! ಓದಿದವರ ಬಳಿ ಪದವಿದೆ, ವಸ್ತುವಿಲ್ಲ. ನಮ್ಮವರಿಗೆ ವಸ್ತುವನ್ನು ಕೊಟ್ಟರೂ ಮರ್ಯಾದೆ ಅಡ್ಡ ಬರುತ್ತದೆ. ಯಾರಿಗೆ ಹೆಚ್ಚು ಬೈಯಲಿ?

ಮೊನ್ನೆ ಮತ್ತೆ ಊರಿಗೆ ಹೋಗಿದ್ದೆ. ಅಂಜನಾಪುರ ಜಲಾಶಯದ ನೀರು ಬಂದು ಕೆರೆ ತುಂಬಿತ್ತು. ಇನ್ನೊಬ್ಬರ ಮಂದೆ ನೀರಿಗಿಳಿದಿತ್ತು. ಅದರ ಹಿಂದೆ ಎದೆಮಟ್ಟದ ನೀರಿನಲ್ಲಿ ಒಬ್ಬಾತ ಕುರಿಗಳನ್ನು ಗದರುತ್ತಿದ್ದ. ಅತ್ತಿಗೆ ಮರದ ಕಡೆ ಕೈ ತೋರಿಸಿದರು.

ಮೊಳೆ ಇತ್ತು. ಟ್ಯೂಬ್ ಇರಲಿಲ್ಲ.