ಪಟ್ಟಿಯ ಮೇಲೊಂದು ರುಬ್ಬುಗುಂಡು

ಜವನಗೊಂಡನಹಳ್ಳಿಯ ತಿಪ್ಪಮ್ಮನವರಿಗೆ ತೋಟದಲ್ಲಿ ಕೂರಲು ಹಲಗೆ ಹಾಸಿದ ಜಗಲಿಯಂಥ ಒಂದು ಡೆಕ್ ಬೇಕಿತ್ತು. ಮೇಲಿನ ಹಾಸಿಗಷ್ಟೇ ಅಲ್ಲ, ಅದನ್ನು ಹೊರುವ ಕೆಳಗಿನ ಚೌಕಟ್ಟಿಗೂ ನಾನು ಮಾರುವ, ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿದ ಕಾಂಪೋಸಿಟ್ ಪಟ್ಟಿಯೇ ಸಾಕು, ಗೆದ್ದಲು ಮುಟ್ಟಲ್ಲ ಎಂದೆ. ಆಕೆ ನನ್ನ ಮಾದರಿ ಪಟ್ಟಿಯನ್ನು ಅಂಗಳದ ಬಿಸಿಲಲ್ಲಿ ಎರಡು ಕಲ್ಲಿನ ಮೇಲೆ ಅಡ್ಡ ಇಟ್ಟು, ನಡುವೆ ರುಬ್ಬುಗುಂಡು ಕೂರಿಸಿದರು.

"ಮೊದ್ಲು ಉಣ್ಣಾಣ ಬರ್ರಿ."

ಮುದ್ದೆ ಉಂಡು, ಹರಟಿ ಹೊರಬಂದಾಗ ಪಟ್ಟಿ ತೊಟ್ಟಿಲಿನ ಹಾಗೆ ಬಾಗಿತ್ತು.

"ಗೆದ್ದಲು ಬಿಟ್ರೂ ಬಿಸಿಲು ಬಿಡಲ್ಲ ನೋಡ್ರಿ. ಕೆಳಗೆ ಕಲ್ಲುಕಂಬ, ಕಬ್ಬಿಣ ಇರ್ಲಿ. ಮೇಲೆ ಹಾಸಾಕೆ ಇದು ಆಗ್ತೈತೆ."

ಹಾಗೇ ಕಟ್ಟಿಕೊಟ್ಟೆ. ಆ ಮಾದರಿ ಪಟ್ಟಿ ನನ್ನ ಜೊತೆ ಹೊಸದುರ್ಗ, ಹೊಳಲ್ಕೆರೆ ಎಲ್ಲ ಸುತ್ತಿತ್ತು. ಆದರೆ ಎಸಿ ಕಾರು, ಜನರ ಪಡಸಾಲೆ ಬಿಟ್ಟು ಬಿಸಿಲಿಗೆ ಇಳಿದದ್ದು ಅವತ್ತೇ ಮೊದಲು. ನಾನೂ ಅಷ್ಟೆ.