ಅಖ್ತರಬಾನು ತಿರುಗಿಸಿಟ್ಟ ಪರದೆ

ಗೋವಾದ ಕುಂಕಳ್ಳಿಯ ಮೀನಿನ ಕೋಲ್ಡ್ ಸ್ಟೋರೇಜಿನ ಗೇಟಿನಲ್ಲಿ ಅಖ್ತರಬಾನು ಅವರದೇ ರಾಜ್ಯ. ಸಿಂದಗಿಯಿಂದ ಬಂದ ಹೊಸದರಲ್ಲಿ ಒಳಗೆ ಸೀಗಡಿ ಸುಲಿಯುತ್ತಿದ್ದರು. ಆಮೇಲೆ ಲಾರಿ ತೂಗುವ ಕೋಣೆಗೆ ಬಂದರು. ಹೆಣ್ಣುಮಗಳು ನಿಲ್ಲು ಎಂದರೆ ಯಾವ ಡ್ರೈವರ್ ನಿಂತಾನು? ವಾರದಲ್ಲೇ ಅವರು ಮಾನಿಟರಿನ ಮುಖವನ್ನು ಕಿಟಕಿಯ ಹೊರಗೆ ತಿರುಗಿಸಿದರು. ತಾವು ಕತ್ತು ಚಾಚಿ ಓರೆಯಿಂದ ಓದತೊಡಗಿದರು. "ನನ್ನ ಕೂಡ ವಾದ ಬ್ಯಾಡ. ಮಷೀನ್ ಏನ್ ಅಂತೈತಿ ನೋಡ್ರಿ." ಜಗಳ ನಿಂತಿತು.

ಆ ಮಷೀನಿನ ಪ್ರೋಗ್ರಾಮು ಬರೆದ ಮಹಾನುಭಾವ ನಾನು. ಕಪ್ಪು ಪರದೆ, ಬಿಳಿ ಅಕ್ಷರ, ಅಷ್ಟೇ. ಭಾರ ಹೆಚ್ಚಾದರೆ ಕೆಳಗಿನ ಸಾಲಿನಲ್ಲಿ ‘ಸ್ಟಾಪ್’ ಎಂದು ಬರುತ್ತಿತ್ತು. ಮೊನ್ನೆ ಬೆಳಿಗ್ಗೆ ನನ್ನ ಸೌಂದರ್ಯಪ್ರಜ್ಞೆ ಕೆರಳಿತು. ಪರದೆಯ ನಡುವೆ, ತೂಕದ ವಿಂಡೋದ ಮೇಲೆಯೇ, ಚೌಕಟ್ಟಿನ ಪುಟ್ಟ ವಿಂಡೋ ತೆರೆದು ‘ಸ್ಟಾಪ್’ ಮೆರೆಯುವಂತೆ ಮಾಡಿ ಬಂದೆ.

ಮಧ್ಯಾಹ್ನ ಅಖ್ತರಬಾನು ಅವರ ಫೋನು. "ಸರ್, ನಿಮ್ಮ ಸ್ಟಾಪ್ ಡಬ್ಬಿ ಹೋಗವಲ್ದು! ನಾಕಕ್ಕ ಕೆಪೆ ಊರಾಗ ಮಗಳ ಮಂಗನಿ, ನಿಶ್ಚಿತಾರ್ಥ ಐತ್ರಿ. ಲೈನ್ ಖಾಲಿ ಆಗೂತನಕ ಮ್ಯಾನೇಜರ್ ಬಿಡವಲ್ರು!"

ಓಡಿದೆ. ಲಾರಿಗಳ ಸಾಲು, ಕೆಳಗೆ ಕರಗಿದ ಐಸಿನ ನೀರು. ಮೊದಲ ಲಾರಿಯ ಡ್ರೈವರ್ ಲಚ್ಚಪ್ಪ ಹೆಚ್ಚಿನ ಕ್ರೇಟುಗಳನ್ನು ಇಳಿಸಿಯಾಗಿತ್ತು. ಆದರೂ ‘ಸ್ಟಾಪ್’ ಅಲ್ಲೇ. ಮಾನಿಟರ್ ಆರಿಸಿ ಹಚ್ಚಿದ್ದಾಯಿತು, ದುಪಟ್ಟಾದಿಂದ ಒರೆಸಿದ್ದೂ ಆಯಿತಂತೆ.

"ಹೋಗೋ ಲಚ್ಚಪ್ಪಣ್ಣಾ, ತೂಕ ಬರೋಬ್ಬರಿ ಐತಿ!"

"ಹೆಂಗ ಹೋಗ್ಲಿ ತಂಗಿ? ಮಷೀನ್ ಸ್ಟಾಪ್ ಅಂತೈತಿ."

"ಮಷೀನ್ ಸುಳ್ಳ ಹೇಳಾಕತ್ತೇತಿ!"

"ಹಂಗಾರ ಹ್ವಾದ ವಾರ ನನ್ನ ನಿಲ್ಲಿಸಿದ್ದೂ ಸುಳ್ಳ ಏನ?"

ಅಖ್ತರಬಾನು ನನ್ನನ್ನು ನೋಡಿದ ನೋಟವನ್ನು ಬರೆಯಲಾರೆ.

ಈ ವಿಂಡೋ ತೋರಿಸುವ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡು, ಮಹಾ ಮಿತವ್ಯಯಿ. ತನಗೆ ಬದಲಾಗಿದೆ ಎಂದು ಗೊತ್ತಿರುವ ಅಕ್ಷರಗಳನ್ನಷ್ಟೇ ಮತ್ತೆ ಬರೆಯುತ್ತದೆ. ಮೇಲಿನ ವಿಂಡೋ ಮುಚ್ಚಿದರೂ ಕೆಳಗಿನದು ‘ನನ್ನಲ್ಲೇನು ಬದಲಾಗಿದೆ?’ ಎಂದು ತೆಪ್ಪಗಿರುತ್ತದೆ. ಸತ್ತ ವಿಂಡೋದ ಅಕ್ಷರ ಪರದೆಯ ಮೇಲೆ ಉಳಿಯುತ್ತದೆ. ಮುಚ್ಚಿದೊಡನೆ ‘ನಿನ್ನನ್ನು ಪೂರ್ತಿ ಮತ್ತೆ ಬರೆದುಕೋ’ ಎಂದು ಕೆಳಗಿನದಕ್ಕೆ ಹೇಳುವ ಒಂದು ಸಾಲು ಸಾಕಿತ್ತು. ಹತ್ತು ಹಾರ್ನುಗಳ ನಡುವೆ ಅದನ್ನು ಸೇರಿಸಿದೆ, ಆದರೆ ವಿಂಡೋ ಮುಚ್ಚುವ ಜಾಗದಲ್ಲಲ್ಲ, ಪರದೆಯ ಗಡಿಯಾರ ಓಡಿಸುವ ಜಾಗದಲ್ಲಿ! ಈಗ ಕೆಳಗಿನ ವಿಂಡೋ ಕ್ಷಣಕ್ಕೊಮ್ಮೆ ತನ್ನನ್ನು ಬರೆದುಕೊಂಡು, ಮೇಲಿನದು ತೆರೆದಿದ್ದರೂ ಅದನ್ನು ಅಳಿಸತೊಡಗಿತು. ‘ಸ್ಟಾಪ್’ ಮಿಂಚಿ ಮಾಯ.

ಲಚ್ಚಪ್ಪ ಗೇರ್ ಹಾಕಿದ. "ಈಗ ಮಷೀನ್ ಶಾಣ್ಯಾ ಆತ ನೋಡ್ರಿ!"

"ತಡಿ, ಕೆಪೆತನಕ ನಾನೂ ಬರ್ತೇನಿ!" ಎಂದು ಅಖ್ತರಬಾನು ಚಪ್ಪಲಿ ಮೆಟ್ಟಿದರು. ಓಡಿಬಂದ ಮ್ಯಾನೇಜರರಿಗೆ ನನ್ನನ್ನು ತೋರಿಸಿದರು. "ಮಷೀನ್ ಮಾಡಿದವ್ರ ಕುಂದರ್ತಾರ್ರಿ. ನನಗಿಂತ ಅವರಿಗೇ ಹೆಚ್ಚ ಗೊತ್ತು." ಮ್ಯಾನೇಜರರಿಗೂ ಅದು ನ್ಯಾಯವಾಗಿಯೇ ಕಂಡಿತು; ಅಖ್ತರಬಾನು ಲಾರಿ ಹತ್ತಿ ಹೊರಟರು.

ಸರಿತೂಕದ ಲಾರಿಗಳನ್ನು ಬಿಡುತ್ತ ನಾಲ್ಕು ದಾಟಿತು. ಆಮೇಲೆ ಇನ್ನೊಂದು ಲಾರಿ, ಭಾರ ಹೆಚ್ಚು. ನಿಲ್ಲು ಎಂದೆ. ಡ್ರೈವರ್ ಪರದೆ ನೋಡಿ, "ಮಷೀನ್ ಏನೂ ಅನ್ನವಲ್ದಲ್ರಿ?" ಎಂದು ಕ್ಲಚ್ಚು ಬಿಟ್ಟ. ನಾನು ಹೊರಗೆ ಹಾರಿ, ಎರಡೂ ಕೈ ಚಾಚಿ ಗಾಡಿಯ ಮುಂದೆ ನಿಂತೆ.

ಅಷ್ಟರಲ್ಲಿ ಜೇಬಿನ ಫೋನು ಗುಂಯ್‌ಗುಟ್ಟಿತು. ಕೆಪೆಯಲ್ಲಿ ಮಗಳಿಗೆ ಸಕ್ಕರೆ ತಿನ್ನಿಸುವ ಫೋಟೋವನ್ನು ಅಖ್ತರಬಾನು ಕಳಿಸಿದ್ದರು, ಸಂಜೆ ನೋಡಿದೆ. ಆಗ ಕೈ ಇಳಿಸುವಂತಿರಲಿಲ್ಲ.