ಚಪ್ಪಲಿ ಸ್ಟ್ಯಾಂಡಿನ ಮೇಲೆ ಆರು ಗಂಟೆ

ಬೆಳಗ್ಗೆ ಆರೂಕಾಲು. ಮಣ್ಣಗುಡ್ಡದ ಪಶು ಕ್ಲಿನಿಕ್ಕಿನ ನೆಲದ ಮೇಲೆ ವಾರಿಜಾ ಕಾಲು ಚಾಚಿ ಕುಳಿತಿದ್ದಾರೆ. ಅವರ ಎದೆಗೆ ಒರಗಿ ನಿಂತಿರುವುದು ಕಾರ್ಮಿನ್ ಬಾಯಿಯವರ ಮುದಿ ನಾಯಿ ಜಿಂಜರ್. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಕಳೆದ ವಾರ ಎರಡು ಸಲ ಕುಸಿದುಬಿದ್ದಿದೆ. ಡಾ. ಶ್ರಾವಣಿ ಮುಂಗಾಲಿನಿಂದ ರಕ್ತ ತೆಗೆಯುವಾಗ ವಾರಿಜಾ ಸೂಜಿಯನ್ನು ನೋಡುವುದಿಲ್ಲ, ನಾಯಿಯ ನಾಲಿಗೆಯನ್ನು ನೋಡುತ್ತಾರೆ. ನೀಲಿಗೆ ತಿರುಗಿದರೆ ತಕ್ಷಣ ಕೈ ಬಿಡಬೇಕು.

"ಇಂಥವನ್ನು ಒತ್ತಿ ಹಿಡಿಯಬಾರದು. ಹೆದರಿಯೇ ಹೋಗ್ತವೆ," ಎನ್ನುತ್ತಾರೆ ವಾರಿಜಾ.

ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿದಾಗ ನಾಯಿಯ ಹೃದಯ ಏಗಲಾರದೆ ಒಂದು ಪ್ರೋಟೀನನ್ನು ರಕ್ತಕ್ಕೆ ಹೆಚ್ಚು ಬಿಡುತ್ತದೆ. ಅದನ್ನು ಅಳೆದರೆ ಯಾವ ನಾಯಿಗೆ ಬೇಗ ಹೃದಯದ ಸ್ಕ್ಯಾನ್ ಬೇಕೆಂದು ಗೊತ್ತಾಗುತ್ತದೆ. ಆದರೆ ರಕ್ತ ತಣ್ಣಗಿರಬೇಕು. ಬಿಸಿಯಾದರೆ ಪ್ರೋಟೀನ್ ಹಾಳಾಗಿ, ಕಾಯಿಲೆಯಿದ್ದರೂ ಅಂಕಿ ಕಡಿಮೆ ಬರುತ್ತದೆ.

ಆ ತಂಪನ್ನು ಕಾಯುವವರು ವಾರಿಜಾ. ವಯಸ್ಸು ಐವತ್ತೆರಡು. ಕ್ಲಿನಿಕ್ಕಿನಲ್ಲಿ ನಾಯಿಗಳ ಗೂಡು ತೊಳೆಯಲು ಸೇರಿ ಹತ್ತೊಂಬತ್ತು ವರ್ಷ. ದಿನಕ್ಕೆ ಹದಿನೈದು ನಾಯಿ ಹಿಡಿಯುತ್ತಾರೆ. ಎಡಗೈ ತುಂಬ ಕಚ್ಚಿದ ಗುರುತು. ಐಸ್ ಡಬ್ಬಿ ಹಿಡಿದು ಸಿಟಿ ಬಸ್ಸಿನಲ್ಲಿ, ಮನುಷ್ಯರ ರಕ್ತ ಪರೀಕ್ಷಿಸುವ ಅತ್ತಾವರದ ಲ್ಯಾಬಿಗೆ ಹೋಗುವವರೂ ಅವರೇ.

ಕಳೆದ ಏಪ್ರಿಲಿನಲ್ಲಿ, ಬೈಕಂಪಾಡಿಯ ಗೋದಾಮು ಕಾಯುವ ದೀಪೇಶ್ ಅವರ ನಾಯಿಯ ರಕ್ತವನ್ನು ವಾರಿಜಾ ಏಳೂವರೆಗೆ ಲ್ಯಾಬಿಗೆ ಒಪ್ಪಿಸಿದ್ದರು. ಮಧ್ಯಾಹ್ನ ಒಂದೂವರೆಗೆ ಡಬ್ಬಿ ವಾಪಸು ತರಲು ಹೋದರೆ ಅದು ಬಾಗಿಲಾಚೆ, ಚಪ್ಪಲಿ ಸ್ಟ್ಯಾಂಡಿನ ಮೇಲೆ, ಬಿಸಿಲಲ್ಲಿತ್ತು. ಐಸ್ ನೀರಾಗಿತ್ತು, ರಕ್ತ ಒಳಗೇ ಇತ್ತು. ಮನುಷ್ಯರ ರಕ್ತವಿರುವ ಫ್ರಿಜ್ಜಿನಲ್ಲಿ ನಾಯಿಯದ್ದನ್ನು ಲ್ಯಾಬಿನವರು ಇಡುವುದಿಲ್ಲವಂತೆ. ಅದೇ ರಕ್ತ ಸಂಜೆ ಮೆಶಿನಿಗೆ ಹೋಯಿತು. ವರದಿ ನಾರ್ಮಲ್. ರಜೆಯಲ್ಲಿದ್ದ ಶ್ರಾವಣಿಯವರ ಬದಲಿಗೆ ಬಂದಿದ್ದ ವೈದ್ಯರು ಕೆಮ್ಮಿನ ಔಷಧಿ ಬರೆದರು. ಎಂಟನೇ ದಿನ ನಾಯಿ ಗೋದಾಮಿನ ಗೇಟಿನ ಬಳಿ ಸತ್ತಿತು.

"ನಾನು ಕಣ್ಣಾರೆ ನೋಡಿದ್ದೆ. ಗೂಡು ತೊಳೆಯುವವಳ ಮಾತು ಯಾರು ಕೇಳ್ತಾರೆ ಅಂತ ಬಾಯಿ ಬಿಡಲಿಲ್ಲ. ದೀಪೇಶಣ್ಣ ಬಂದು, 'ವರದಿ ಸರಿ ಉಂಟಲ್ಲ ಅಕ್ಕ, ಮತ್ತೆ ಎಂತ ಆಯ್ತು?' ಅಂತ ಕೇಳಿದರು."

ಅಂದೇ ವಾರಿಜಾ ಶ್ರಾವಣಿಯವರಿಗೆ ಫೋನ್ ಮಾಡಿ ಎಲ್ಲ ಹೇಳಿದರು. ಲ್ಯಾಬ್ ಮಾತ್ರ ಇವತ್ತಿಗೂ ತಪ್ಪೊಪ್ಪಿಕೊಂಡಿಲ್ಲ. ಆ ವರದಿಯಲ್ಲಿ ಸಹಿ ಇದೆ, ಸೀಲು ಇದೆ, ಗುಣಮಟ್ಟದ ಭರವಸೆಯೂ ಇದೆ. ಚಪ್ಪಲಿಗಳ ನಡುವೆ ಕಳೆದ ಆರು ಗಂಟೆಗಳ ಸುದ್ದಿ ಇಲ್ಲ. ಒಂದು ಜೀವ ಹೋದದ್ದು ಯಂತ್ರ ಕೆಟ್ಟದ್ದರಿಂದಲ್ಲ, ನಾಯಿಯ ರಕ್ತಕ್ಕೆ ಅಸಹ್ಯಪಟ್ಟದ್ದರಿಂದ.

ಕ್ಲಿನಿಕ್ಕಿಗೆ ಬೇರೆ ಲ್ಯಾಬ್ ಸಿಕ್ಕಿಲ್ಲ. ಈಗ ವಾರಿಜಾ ಡಬ್ಬಿಯನ್ನು ಯಾರ ಕೈಗೂ ಕೊಡುವುದಿಲ್ಲ. ಮಡಿಲಲ್ಲಿಟ್ಟುಕೊಂಡು ಲ್ಯಾಬಿನ ರೋಗಿಗಳ ಸಾಲಿನಲ್ಲೇ ಕೂರುತ್ತಾರೆ. ಇವತ್ತು ಕೌಂಟರಿನ ಹುಡುಗಿ ನಗುತ್ತಾ ಕೇಳುತ್ತಾಳೆ: "ಎಂತ ವಾರಿಜಕ್ಕ, ನಾಯಿಗೂ ಟೋಕನ್ ಬೇಕಾ?"

"ಬೇಕು. ಕೊಡಿ."

ಏಳನೇ ನಂಬರ್. ಕರೆದಾಗ ಎದ್ದು ಒಳಗೆ ಹೋಗಿ, ರಕ್ತ ಮೆಶಿನಿಗೆ ಬೀಳುವವರೆಗೂ ಅಲ್ಲೇ ನಿಲ್ಲುತ್ತಾರೆ. ಹತ್ತು ಗಂಟೆಗೆ ವರದಿ ಬರುತ್ತದೆ. ಜಿಂಜರ್‌ನ ಅಂಕಿ ಬಹಳ ಹೆಚ್ಚು. ಮಧ್ಯಾಹ್ನವೇ ಸ್ಕ್ಯಾನ್ ಎಂದು ಶ್ರಾವಣಿ ಫೋನಿನಲ್ಲಿ ಹೇಳುತ್ತಾರೆ.

ವಾಪಸು ಬಸ್ಸಿಗೆ ಕಾಯುತ್ತಾ, ಈ ಲೇಖನದ ಜೊತೆ ತಮ್ಮ ಹೆಸರು ಪೇಪರಿನಲ್ಲಿ ಬರುವುದೆಂದು ಕೇಳಿ ವಾರಿಜಾ ಮುಖ ಗಂಟಿಕ್ಕುತ್ತಾರೆ. "ನನ್ನ ಹೆಸರು ಎಂತಕ್ಕೆ? ರಕ್ತ ತೆಗೆದದ್ದು ಎಷ್ಟು ಗಂಟೆಗೆ, ಮೆಶಿನಿಗೆ ಹಾಕಿದ್ದು ಎಷ್ಟು ಗಂಟೆಗೆ, ಅದನ್ನು ವರದಿಯಲ್ಲಿ ಬರೆಯಲಿ. ಅಷ್ಟು ಸಾಕು."